ರೊಟ್ಟಿಯ ಹಿಟ್ಟು, ರಂದದ ಹಿಟ್ಟು

ನಮ್ಮ ಮನೆಯಲ್ಲಿ ರೊಟ್ಟಿಗೂ ರಂದಕ್ಕೂ ಹಿಟ್ಟು ಒಂದೇ ಡಬ್ಬಿಯಿಂದ ಬರುತ್ತಿತ್ತು. ಹೀಗೆಂದರೆ ಮೊಮ್ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ, ಅಜ್ಜಿಗೆ ಅರಳುಮರುಳು ಶುರುವಾಯಿತೇನೋ ಎಂಬಂತೆ. ಅವರಿಗೆ ರಂದವೆಂದರೇನು ಎಂಬುದರಿಂದಲೇ ಹೇಳಬೇಕು. ಬಡಗಿಗಳು ಹಲಗೆಯನ್ನು ಹೆರೆದು ನುಣುಪು ಮಾಡುವ ಹತಾರಕ್ಕೆ ಮುಂಬಯಿಯಲ್ಲಿ ಎಲ್ಲರೂ ಹೇಳುವ ಹೆಸರು ಅದು. ಬಡಗಿಯ ರಂದ ಎರಡು ಕೈಯಲ್ಲಿ ಹಿಡಿದು ತಳ್ಳುವಂಥದು. ಅಪ್ಪ ಮಾಡುತ್ತಿದ್ದುದು ಅದರ ಮರಿ. ಹಿತ್ತಾಳೆಯದು, ಹೆಬ್ಬೆರಳಿನಷ್ಟು ಉದ್ದದ್ದು, ಬೆರಳುಗಳ ನಡುವೆ ಹಿಡಿದು ನಡೆಸುವಂಥದು. ಪಿಟೀಲು, ಸಿತಾರು, ಸಾರಂಗಿ ಮಾಡುವವರಿಗೆ ಮಾತ್ರ ಅದು ಬೇಕಾಗುತ್ತದೆ. ವಾದ್ಯದ ಮೇಲಿನ ಹಲಗೆ ಚಪ್ಪಟೆ ಇರುವುದಿಲ್ಲ, ನಡುವೆ ತುಸು ಉಬ್ಬಿರುತ್ತದೆ. ಒಳಗಿನಿಂದ ಅದನ್ನು ಅಷ್ಟೇ ಹದವಾಗಿ ತೋಡುತ್ತ ಬರಬೇಕು. ಒಂದು ಹೆರೆ ಹೆಚ್ಚಾದರೆ ದನಿ ಕೆಟ್ಟಿತು. ಅಂಥ ಕಡೆ ಚಪ್ಪಟೆ ತಳದ ರಂದ ನಡೆಯುವುದಿಲ್ಲ. ಅಪ್ಪನ ರಂದಗಳ ತಳ ದೋಣಿಯ ತಳದ ಹಾಗೆ ಬಾಗಿರುತ್ತಿತ್ತು, ಒಂದೊಂದರದು ಒಂದೊಂದು ಬಾಗು. ತಳದ ನಡುವೆ ಕೂದಲು ತೂರುವಷ್ಟು ಸಣ್ಣ ಬಾಯಿ, ಆ ಬಾಯಿಂದ ಹೊರಗೆ ಇಣುಕುವ ಉಕ್ಕಿನ ಅಲಗು, ಅಲಗು ಅಲುಗಾಡದಂತೆ ಬಿಗಿದ ಬೀಟೆಮರದ ಬೆಣೆ. ಅಷ್ಟೇ ಅದು. ಚಾಳಿನ ಹೆಂಗಸರು ನೋಡಿ, ಮಗಳ ಆಟಕ್ಕೆ ಮಾಡಿದ್ದೇನು ಎಂದು ಕೇಳುತ್ತಿದ್ದರು.

ನಾವಿದ್ದದ್ದು ಮುಂಬಯಿಯ ಭಾಂಡುಪಿನ ಒಂದು ಚಾಳಿನಲ್ಲಿ, ಎರಡು ಖೋಲಿಗಳ ಮನೆಯಲ್ಲಿ. ಹೊರಗಿನ ಖೋಲಿಯ ಕಿಟಕಿಯ ಕೆಳಗೆ ಅಪ್ಪನ ಕೆಲಸದ ಮೇಜು, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ, ತುಂಡನ್ನು ಬಿಗಿದು ಹಿಡಿಯುವ ವೈಸು. ಒಳಗಿನ ಖೋಲಿಯಲ್ಲಿ ಒಲೆ, ದೇವರು, ಕೈಕಾಲು ಮುಖ ತೊಳೆಯುವ ಮೋರಿ, ಹಾಸಿಗೆಯ ಸುರುಳಿಗಳು, ಆಯಿಯ ಟ್ರಂಕು. ಆಯಿ ಎಂದರೆ ಅಪ್ಪನ ತಾಯಿ. ಬೆಳಗಾವಿ ಕಡೆಯ ಬಡಿಗೇರ ಮಂದಿ ನಾವು, ಅಜ್ಜಿಯನ್ನು ಹಾಗೆಯೇ ಕರೆಯುತ್ತೇವೆ, ಅಪ್ಪನೂ ಅವಳನ್ನು ಹಾಗೇ ಕರೆಯುತ್ತಿದ್ದ. ಎರಡು ಖೋಲಿಗಳ ನಡುವೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಇಳಕಲ್ ಸೀರೆಯ ಪರದೆ ಇತ್ತು. ಆ ಪರದೆಯ ಆಚೆ ಈಚೆ ಏನೇ ಮಾತಾಡಿದರೂ ಎಲ್ಲರಿಗೂ ಕೇಳುತ್ತಿತ್ತು. ಕೇಳಿಸಲಿಲ್ಲ ಎಂಬಂತೆ ಇರುವುದನ್ನು ನಾವೆಲ್ಲ ಕಲಿತಿದ್ದೆವು. ಅಪ್ಪ ಹಗಲು ಕಾರಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದ. ಎರಕ ಹೊಯ್ಯುವ ಮೊದಲು ಬೇಕಾದ ವಸ್ತುವಿನ ರೂಪವನ್ನು ಕಟ್ಟಿಗೆಯಲ್ಲಿ ಕೆತ್ತಬೇಕಲ್ಲ, ಆ ಕೆಲಸ. ಬೆಳಿಗ್ಗೆ ಎದ್ದು ಡ್ಯೂಟಿಗೆ ಹೋಗುವ ಮೊದಲು, ರವಿವಾರ ಇಡೀ ದಿನ, ಕಿಟಕಿಯ ಕೆಳಗೆ ಕೂತು ರಂದ ಮಾಡುತ್ತಿದ್ದ. ನನಗೆ ಎಚ್ಚರವಾಗುತ್ತಿದ್ದುದೇ ಹಿತ್ತಾಳೆ ಉಜ್ಜುವ ಅರದ ಸದ್ದಿಗೆ. ಅರ ಉಜ್ಜುವ ಸದ್ದು ಕೇಳಿದರೆ ಬೇರೆಯವರಿಗೆ ಹಲ್ಲು ಚುಳ್ಳೆನ್ನುತ್ತದಂತೆ, ನನಗೆ ಇವತ್ತಿಗೂ ಅದು ಕೇಳಿದರೆ ಚಹದ ವಾಸನೆ ನೆನಪಾಗುತ್ತದೆ.

ಇನ್ನು ಹಿಟ್ಟಿನ ಮಾತು. ಅಪ್ಪ ಯಾರಿಗೂ ಸುಮ್ಮನೆ ಒಂದು ರಂದ ಮಾಡಿ ಕೊಟ್ಟವನಲ್ಲ. ವಾದ್ಯ ಮಾಡುವವನು ಮನೆಗೇ ಬರಬೇಕು, ಬಂದು ಹಿಟ್ಟಿನ ಮುದ್ದೆ ಹಿಡಿಯಬೇಕು. ಬರೀ ಜೋಳದ ಹಿಟ್ಟಾದರೆ ಬಿರಿಯುತ್ತದೆ, ಬರೀ ಗೋಧಿ ಹಿಟ್ಟಾದರೆ ಒತ್ತಿದ್ದು ಮತ್ತೆ ಉಬ್ಬಿಕೊಳ್ಳುತ್ತದೆ. ಎರಡನ್ನೂ ಬೆರೆಸಿ, ಮುಷ್ಟಿ ಉಪ್ಪು ಹಾಕಿ, ಗಟ್ಟಿಯಾಗಿ ನಾದಿ ಕೊಡುವವಳು ಅವ್ವ. ಆ ಹದ ಅವಳ ಕೈಗೆ ಮಾತ್ರ ಗೊತ್ತಿತ್ತು. ಬಂದವನು ರಂದ ಹಿಡಿದ ಹಾಗೆಯೇ ಮುದ್ದೆಯನ್ನು ಹಿಡಿದು ಮೇಜಿನ ಮೇಲೆ ತಳ್ಳುತ್ತಿದ್ದ. ಹೆಬ್ಬೆರಳು ಎಲ್ಲಿ ಕೂರುತ್ತದೆ, ತೋರುಬೆರಳು ಎಷ್ಟು ಒತ್ತುತ್ತದೆ, ಎಲ್ಲ ಅದರಲ್ಲಿ ಮೂಡುತ್ತಿತ್ತು. ಅಪ್ಪ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆರುವುದರೊಳಗೆ ಕ್ಯಾಲಿಪರಿನಿಂದ ಅಳೆದು, ಸಾಗವಾನಿ ತುಂಡಿನಲ್ಲಿ ರೂಪ ಕೆತ್ತುತ್ತಿದ್ದ. ಎರಕದ ಗೆಳೆಯನೊಬ್ಬ ಅದನ್ನು ಹಿತ್ತಾಳೆಯಲ್ಲಿ ಹೊಯ್ದು ಕೊಡುತ್ತಿದ್ದ. ಅಲ್ಲಿಂದ ಮುಂದಿನದೆಲ್ಲ ಕಿಟಕಿಯ ಕೆಳಗೆ. ತಳದ ಬಾಗು, ಬಾಯಿ, ಅಲಗು, ಕೊಟ್ಟಕೊನೆಗೆ ಬೆರಳು ಕೂರುವ ತಗ್ಗುಗಳು. ಹೀಗೆ ಮಾಡಿದ ರಂದ ಇಡೀ ದಿನ ಹಿಡಿದರೂ ಕೈ ಜೋಮು ಹಿಡಿಯುವುದಿಲ್ಲ ಎಂದು ಬಂದವರು ಹೇಳುತ್ತಿದ್ದರು.

ಆಯಿಗೆ ಮಾತ್ರ ಈ ಹಿಟ್ಟಿನ ವ್ಯವಹಾರ ಕಂಡರಾಗುತ್ತಿರಲಿಲ್ಲ. ಯಾರಾದರೂ ಮುದ್ದೆ ಹಿಡಿಯಲು ಬಂದರೆಂದರೆ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದಳು.

"ಏನೋ ಇದು, ಬದುಕಿದ ಮನಷ್ಯಾನ ಕೈಯಾಗ ಪಿಂಡಾ ಹಿಡಿಸಿದಂಗ? ನನಗ ನೋಡಾಕ ಆಗೂದಿಲ್ಲಪಾ."

"ಆಯಿ, ಮೇಣ ತಂದ್ರ ಕೈಗೆ ಅಂಟತೈತಿ. ಮಣ್ಣ ತಂದ್ರ ನೀನ ಒಳಗ ಬಿಡೂದಿಲ್ಲ. ಇನ್ನ ನಾ ಏನ್ ಹಿಡಿಸಲಿ, ನೀನ ಹೇಳು."

"ಹಿಟ್ಟಂದ್ರ ಅನ್ನ ಐತಿ. ಅನ್ನಕ್ಕ ಬಟ್ಟ ಚುಚ್ಚಿ ಆಟಾ ಆಡಬಾರದು." ಬಟ್ಟ ಎಂದರೆ ನಮ್ಮ ಕಡೆ ಬೆರಳು.

ಅಳತೆ ಮುಗಿದ ಮುದ್ದೆಯನ್ನು ಕಾಗೆಗೆ ಹಾಕಕೂಡದು ಎಂಬುದು ಅವಳ ಕಟ್ಟಪ್ಪಣೆ. ಕಾಗೆ ಮುಟ್ಟಿದರೆ ಅದು ಪಿಂಡವೇ ಆಗಿಹೋಯಿತಲ್ಲ! ಹಾಗಾಗಿ ಅದನ್ನು ಹಿಡಿದುಕೊಂಡು ಹಿಂದಿನ ತಬೇಲಾದ ಎಮ್ಮೆಗೆ ತಿನ್ನಿಸಿ ಬರುವ ಕೆಲಸ ನನ್ನದು. ಆಯಿ ಅವ್ವನನ್ನೂ ಬಿಡುತ್ತಿರಲಿಲ್ಲ. ಉಪ್ಪು ಹೆಚ್ಚು, ಖಾರ ಕಮ್ಮಿ, ರೊಟ್ಟಿ ದಪ್ಪ, ದಿನಕ್ಕೊಂದು ತಕರಾರು. ಅವ್ವನೂ ಬಾಯಿ ಸತ್ತವಳೇನಲ್ಲ. "ನೀವ ಮಾಡಿ ತೋರಸ್ರಿ ಅತ್ತಿ, ಕಲೀತೀನಿ" ಎಂದು ತಣ್ಣಗೆ ಹೇಳಿ ಒಲೆ ಊದುತ್ತಿದ್ದಳು. ಊಟಕ್ಕೆ ನಾವೆಲ್ಲ ಒಳಗಿನ ಖೋಲಿಯಲ್ಲಿ ಸಾಲಾಗಿ ಕೂರುತ್ತಿದ್ದೆವು. ಗೋಡೆಯ ಬದಿಗೆ ಆಯಿ, ನಡುವೆ ನಾನು, ನನ್ನ ಪಕ್ಕದಲ್ಲಿ ಅಪ್ಪ. ಅವರಿಬ್ಬರ ಜಗಳ ನಡೆಯುವಾಗ ಅಪ್ಪ ನನಗೆ ಮಾತ್ರ ಕಾಣುವಂತೆ ಹುಬ್ಬು ಹಾರಿಸುತ್ತ ಉಣ್ಣುತ್ತಿದ್ದ.

ಬರುವವರಲ್ಲಿ ನನಗೆ ಬಲು ಇಷ್ಟವಾಗಿದ್ದವರು ಗಫೂರ್ ಚಾಚಾ. ನಮ್ಮ ಬೆಳಗಾವಿಗೆ ಹತ್ತಿರದ ಮಿರಜಿನವರು, ಭೆಂಡಿಬಜಾರದ ಹತ್ತಿರದ ಗಲ್ಲಿಯೊಂದರಲ್ಲಿ ಸಾರಂಗಿ ಮಾಡುತ್ತಿದ್ದರು. ಎತ್ತರದ, ಒಣಕಲು ಆಳು. ಕೆಲಸ ಮಾಡಿ ಮಾಡಿ ಬಲಗೈಯ ಹೆಬ್ಬೆರಳು ಚಮಚೆಯ ಹಾಗೆ ಅಗಲವಾಗಿತ್ತು. ಮೊದಲ ಸಲ ಬಂದಾಗ ಗೋಡೆಯ ಕಡೆ ತಿರುಗಿ ಕೂತ ಆಯಿಯನ್ನು ನೋಡಿ, ಅಚ್ಚ ಕನ್ನಡದಲ್ಲಿ ಹೇಳಿದರು:

"ಅಮ್ಮಾ, ನಾ ಮಿರಜದಾಂವ. ನಿಮ್ಮ ಹಿಟ್ಟಿನ ಮರ್ಯಾದಿ ನನಗೂ ಗೊತ್ತೈತ್ರಿ."

ಆಯಿ ಗಕ್ಕನೆ ತಿರುಗಿದಳು. "ಮಿರಜದಾಗ ಎಲ್ಲೆ?"

ಆಮೇಲೆ ಕೇಳಬೇಕೇ. ಯಾವ ಪೇಟೆ, ಯಾವ ಬಾವಿ, ಯಾವ ಸಂತೆಯಲ್ಲಿ ಮೆಣಸಿನಕಾಯಿ ಒಳ್ಳೆಯದು, ಎಲ್ಲ ಬಂತು. ಆ ದಿನ ಮುದ್ದೆ ಹಿಡಿಯುವುದೇ ತಡವಾಯಿತು. ಆದರೆ ಚಾಚಾ ಹಿಟ್ಟಿಗೆ ಕೈ ಹಾಕಿದ ಕೂಡಲೇ ಆಯಿ ಮತ್ತೆ ಗೋಡೆಗೆ ಮುಖ ತಿರುಗಿಸಿದಳು. ಅದರಲ್ಲಿ ಮಾತ್ರ ನಮ್ಮ ಕಡೆಯವರೆಂದು ಸಡಿಲ ಬಿಡುವವಳಲ್ಲ.

ಚಾಚಾ ಎರಡನೆಯ ರಂದಕ್ಕೆ ಹೇಳಿ ಹೋಗಿದ್ದರು. ಅದರ ಎರಕ ಆಗಿ ಬಂದಿತ್ತು. ತಳ ಉಜ್ಜಿ ಆಗಿತ್ತು, ಬೆರಳಿನ ತಗ್ಗುಗಳು ಮಾತ್ರ ಬಾಕಿ ಇದ್ದವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕಾರಖಾನೆಯ ಇಬ್ಬರು ನಮ್ಮ ಬಾಗಿಲಿಗೆ ಬಂದು ನಿಂತರು. ಅವರು ಚಪ್ಪಲಿ ಬಿಚ್ಚದೆ ಹೊರಗೇ ನಿಂತದ್ದನ್ನು ನೋಡಿಯೇ ಅವ್ವ ಒಲೆಯಿಂದ ಹಂಚು ಇಳಿಸಿದಳು. ಕಟ್ಟಿಗೆ ಕೊಯ್ಯುವ ಯಂತ್ರದ ಗರಗಸಕ್ಕೆ ಅಪ್ಪನ ಬಲಗೈ ಸಿಕ್ಕಿತ್ತು. ತೋರುಬೆರಳು, ನಡುಬೆರಳು ಎರಡೂ ಬುಡದವರೆಗೆ ಹೋಗಿದ್ದವು.

ಆಸ್ಪತ್ರೆಯಿಂದ ಬಂದವನು ಬೇರೆಯೇ ಮನುಷ್ಯ. ಬ್ಯಾಂಡೇಜು ಬಿಚ್ಚಿದ ಮೇಲೂ ಹಳೆಯ ಧೋತರದ ಚೂರನ್ನು ಕೈಗೆ ಸುತ್ತಿಕೊಂಡೇ ಇರುತ್ತಿದ್ದ. ಆ ಚೂರುಗಳನ್ನು ಅವ್ವನಿಗೆ ಒಗೆಯಲೂ ಕೊಡುತ್ತಿರಲಿಲ್ಲ, ತಾನೇ ಮೋರಿಯಲ್ಲಿ ಒಂದೇ ಕೈಯಲ್ಲಿ ಹಿಂಡಿ ಹಾಕುತ್ತಿದ್ದ. ಕಾರಖಾನೆಯವರು ಸ್ಟೋರಿನಲ್ಲಿ ಕೂರಿಸಿದರು. ಬರುವ ಸಾಮಾನು, ಹೋಗುವ ಸಾಮಾನು ನೋಡಿಕೊಳ್ಳುವ ಕೆಲಸ. ಹೊಟ್ಟೆಗೆ ತೊಂದರೆಯಾಗಲಿಲ್ಲ. ಆದರೆ ಬೆಳಗಿನ ಹೊತ್ತು ಅರದ ಸದ್ದಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ನಾನು ಎದ್ದ ಮೇಲೂ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದೆ, ಇನ್ನೇನು ಶುರುವಾಗುತ್ತದೆ ಎಂದು.

"ನನಗರ ತೋರಸ್ರಿ" ಎಂದು ಅವ್ವ ಪರದೆಯ ಆಚೆ ಬೇಡಿಕೊಂಡದ್ದು ಕೇಳಿದೆ. "ಎಣ್ಣಿ ಹಚ್ಚಿ ಕೊಡತೀನಿ."

"ಏನ್ ನೋಡತಿ ಅದರಾಗ? ಸಂತಿ ಸಾಮಾನೇನು?"

"ಹಿಂಗ ಮಾತಾಡಿದ್ರ ನಾ ಯಾರ ಹತ್ರ ಹೇಳ್ಕೊಳ್ಳಲಿ?"

ಅಪ್ಪ ಊಟಕ್ಕೂ ನಮ್ಮ ಸಾಲಿಗೆ ಬರುವುದನ್ನು ಬಿಟ್ಟ. ತಾಟನ್ನು ಹೊರಗಿನ ಖೋಲಿಗೆ ಕಳಿಸಲು ಹೇಳಿದ. ಕಾರಣ ಎಲ್ಲರಿಗೂ ಗೊತ್ತಿತ್ತು. ಎಡಗೈಯಿಂದ ಉಣ್ಣುವುದೆಂದರೆ ನಮ್ಮಲ್ಲಿ ಮಹಾಪಾಪ. ನಾನು ಮರೆತು ಎಡಗೈಯಲ್ಲಿ ರೊಟ್ಟಿ ಮುರಿದರೆ ಆಯಿ ಮುಂಗೈಗೆ ಪಟ್ಟನೆ ಹೊಡೆಯುತ್ತಿದ್ದಳು. ಉಳಿದ ಬೆರಳುಗಳಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ಹಾಗಾಗಿ ಅಪ್ಪ ಪರದೆಯ ಆಚೆ ಕೂತು ಎಡಗೈಯಲ್ಲಿ ಚಮಚೆ ಹಿಡಿದು ಉಣ್ಣುತ್ತಿದ್ದ. ಈಚೆ ನಾವು ಮೂವರು. ಚಮಚೆ ತಾಟಿಗೆ ತಾಗುವ ಸದ್ದು ಬರುತ್ತಿತ್ತು. ಆಯಿ ಉಪ್ಪಿನ ತಕರಾರು ತೆಗೆಯುವುದನ್ನೂ ಬಿಟ್ಟಳು. ನನ್ನ ಪಕ್ಕದ ಜಾಗ ಖಾಲಿ ಇತ್ತು. ಸ್ವಲ್ಪ ಸರಿದು ಅಲ್ಲಿ ಕೂರು ಎಂದು ಯಾರೂ ನನಗೆ ಹೇಳಲಿಲ್ಲ.

ಚಾಚಾ ಸುದ್ದಿ ತಿಳಿದು, ಅವಸರವಿಲ್ಲ, ಆಗದಿದ್ದರೂ ಅಡ್ಡಿಯಿಲ್ಲ ಎಂದು ಹೇಳಿ ಕಳಿಸಿದ್ದರು. ಆ ಮಾತು ಅಪ್ಪನಿಗೆ ಎಲ್ಲಿ ನಾಟಿತೋ, ಒಂದು ರವಿವಾರ ಎದ್ದವನೇ ಮೇಜಿಗೆ ಹೋಗಿ ಕೂತ. ಚಾಚಾ ಹೇಳಿದ್ದ ರಂದವನ್ನು ವೈಸಿಗೆ ಬಿಗಿದ, ಎಡಗೈಯಲ್ಲಿ ಅರ ಹಿಡಿದ. ಸುತ್ತಿದ ಬಲಗೈಯನ್ನು ಮೊಣಕೈವರೆಗೆ ಮೇಜಿನ ಮೇಲೆ ಒತ್ತಿ ಇಟ್ಟುಕೊಂಡು ಉಜ್ಜತೊಡಗಿದ. ಸದ್ದು ಮೊದಲಿನಂತಿರಲಿಲ್ಲ, ತಡವರಿಸುತ್ತಿತ್ತು. ಆದರೂ ಸದ್ದು ಸದ್ದೇ! ಅವ್ವ ಚಹಾ ಕುದಿಸುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ಬೆಳಗುಗಳು ಹಾಗೇ ಹೋದವು. ಎಡಗೈಗೆ ಅನುಕೂಲವಾಗುವ ಹಾಗೆ ವೈಸಿನಲ್ಲಿ ತುಂಡನ್ನು ತಿರುಗಿಸುತ್ತಿದ್ದ, ತಾನೂ ತಿರುಗಿ ಕೂರುತ್ತಿದ್ದ, ಕೊನೆಗೆ ಮೈಯೆಲ್ಲ ಬೆವರಿ ಎದ್ದು ಹೋಗಿ ಮೋರಿಯಲ್ಲಿ ಮುಖ ತೊಳೆಯುತ್ತಿದ್ದ. ಮುಗಿದ ದಿನ ರಂದವನ್ನು ಹುಣಸೆಹಣ್ಣಿನಿಂದ ತಿಕ್ಕಿ ನನ್ನ ಕೈಗೆ ಕೊಟ್ಟು, ನೋಡು ಹೇಗಿದೆ ಎಂದ. ನನಗೇನು ತಿಳಿಯಬೇಕು, ಬಂಗಾರದ ಹಾಗೆ ಹೊಳೆಯುತ್ತಿತ್ತು.

ಚಾಚಾ ಬಂದರು. ಚೀಲದಿಂದ ಕೆಂಪು ಕಟ್ಟಿಗೆಯ ಒಂದು ತುಂಡು ತೆಗೆದು ಮೇಜಿನ ಮೇಲಿಟ್ಟರು. ರಂದವನ್ನು ಬಲಗೈಯಲ್ಲಿ ತೆಗೆದುಕೊಂಡರು. ಅವರ ಅಗಲ ಹೆಬ್ಬೆರಳು ಹಿತ್ತಾಳೆಯ ಪಕ್ಕೆಯ ಮೇಲೆ ಅತ್ತ ಹೋಯಿತು, ಇತ್ತ ಬಂತು, ಕೂರಲು ಜಾಗ ಹುಡುಕಿತು. ಜಾಗ ಇರಲಿಲ್ಲ. ಹೆಬ್ಬೆರಳಿನ ತಗ್ಗು ಇನ್ನೊಂದು ಪಕ್ಕೆಯಲ್ಲಿತ್ತು. ಎಡಗೈಯಲ್ಲಿ ಕೆಲಸ ಮಾಡುತ್ತ, ತುಂಡನ್ನೂ ತನ್ನನ್ನೂ ತಿರುಗಿಸುತ್ತ, ಅಪ್ಪ ಎಡಗೈಯವನ ರಂದ ಮಾಡಿಬಿಟ್ಟಿದ್ದ. ಚಾಚಾ ಏನೂ ಆಗದವರಂತೆ ಅದನ್ನು ಎಡಗೈಗೆ ದಾಟಿಸಿದರು. ಕಟ್ಟಿಗೆಯ ಮೇಲೆ ಒಮ್ಮೆ ನಡೆಸಿದರು. ಒಂದು ತೆಳು ಹೆರೆ ಎದ್ದು ಬಂತು.

"ಬಹಳ ಚಲೋ ಆಗೇತಿ, ಮೌನೇಶ್ ಮಿಸ್ತ್ರಿ" ಎಂದರು.

ಅಪ್ಪ ಅವರ ಕೈಯನ್ನೇ ನೋಡುತ್ತಿದ್ದ. "ಚಾಚಾ, ನೀವು ಎಡಗೈಲೆ ಯಾವಾಗಿಂದ ಕೆಲಸಾ ಮಾಡಾಕತ್ತೀರಿ?"

ಚಾಚಾ ತಲೆ ಎತ್ತಲಿಲ್ಲ. "ನನಗ ಎರಡೂ ನಡೀತೈತಪಾ. ನಾ ಇಟಗೊಂತೀನಿ."

"ಕೊಡ್ರಿ ಅದನ್ನ."

"ಮೌನೇಶಾ, ಇರಲಿ ಬಿಡು."

"ಕೊಡ್ರಿ, ಚಾಚಾ."

ಚಾಚಾ ಕೊಟ್ಟರು. ಕಟ್ಟಿಗೆಯ ತುಂಡನ್ನು ಚೀಲಕ್ಕೆ ಹಾಕಿಕೊಂಡು, ನನ್ನ ತಲೆ ಸವರಿ, ಒಳಗಿದ್ದ ಆಯಿಗೆ ಹೋಗಿ ಬರುತ್ತೇನೆಂದು ಕೂಗಿ ಹೇಳಿ ಹೊರಟರು. ಅವರು ಜಿನ್ನೆಯ ಮೆಟ್ಟಿಲು ಇಳಿಯುವುದರೊಳಗೆ ಅಪ್ಪ ಅರ, ಕ್ಯಾಲಿಪರು, ಅಲಗುಗಳು, ಸಾಗವಾನಿಯ ರೂಪಗಳು, ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿದ. ವೈಸಿನ ಬೋಲ್ಟನ್ನೂ ಬಿಚ್ಚಿದ. ಎಡಗೈಯಿಂದ ಅದು ಬೇಗ ಬರಲಿಲ್ಲ, ಹಲ್ಲು ಕಚ್ಚಿ ತಿರುಗಿಸಿದ. "ಭಂಗಾರದಾಂವ ಬಂದ್ರ ಕೊಟ್ಟ ಬಿಡು" ಎಂದ ಅವ್ವನಿಗೆ. ಅವ್ವ ಚೀಲವನ್ನು ಎಳೆದುಕೊಂಡು ಹೋಗಿ ಒಳಗೆ ಹಾಸಿಗೆಯ ಸುರುಳಿಗಳ ಹಿಂದೆ ಒಟ್ಟಿದಳು. ಭಂಗಾರದವನು, ಅಂದರೆ ಗುಜರಿಯವನು, ವಾರಕ್ಕೊಮ್ಮೆ ಕೆಳಗಿನಿಂದ ಕೂಗುತ್ತಿದ್ದ. ಅವನ ಕೂಗು ಕೇಳಿದ ಕೂಡಲೇ ಅವ್ವ ಹೋಗಿ ಹಾಸಿಗೆಗಳ ಮುಂದೆ ಕೂತು ಅಕ್ಕಿ ಆರಿಸತೊಡಗುತ್ತಿದ್ದಳು.

ಆಮೇಲೆ ಬಂದದ್ದು ನವರಾತ್ರಿ. ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಆ ದಿನ ಬಡಿಗೇರರ ಮನೆಯಲ್ಲಿ ಹತಾರಗಳನ್ನು ತೊಳೆದು, ದೇವರ ಮುಂದಿನ ಮಣೆಯ ಮೇಲೆ ಸಾಲಾಗಿಟ್ಟು, ಅರಿಶಿನ ಕುಂಕುಮ ಏರಿಸುತ್ತಾರೆ. ಪೂಜೆಯಾದ ಮೇಲೆ ಆ ದಿನ ಯಾರೂ ಹತಾರ ಮುಟ್ಟುವುದಿಲ್ಲ. ಪ್ರತಿ ವರ್ಷ ಅಪ್ಪ ನಸುಕಿನಲ್ಲೇ ಎದ್ದು ಎಲ್ಲ ತಿಕ್ಕಿ ತೊಳೆದು ಇಡುತ್ತಿದ್ದ. ನಾನು ಮಾಟುಂಗದ ಮಾರುಕಟ್ಟೆಯಿಂದ ಅವನ ಜೊತೆ ಲೋಕಲ್ ರೈಲಿನಲ್ಲಿ ಹೋಗಿ ತಂದ ಸೇವಂತಿಗೆಯನ್ನು ಒಂದೊಂದರ ಮೇಲೂ ಇಡುತ್ತಿದ್ದೆ. ಆ ವರ್ಷ ಹೂವಿಗೂ ಹೋಗಲಿಲ್ಲ. ಅವ್ವ ಮಣೆ ಹಾಕಿ, ಇದ್ದದ್ದರಲ್ಲಿ ಈಳಿಗೆ, ಲಟ್ಟಣಿಗೆ, ನನ್ನ ಶಾಲೆಯ ಕಂಪಾಸು ಇಟ್ಟಳು. ಅಪ್ಪ ಹೊರಗಿನ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮೇಜು ಬರಿದಾಗಿತ್ತು, ವೈಸು ಇದ್ದ ಕಡೆ ಬೋಲ್ಟಿನ ತೂತುಗಳು ಕಾಣುತ್ತಿದ್ದವು.

ಆಯಿ ಮಣೆಯನ್ನು ನೋಡಿದಳು. "ಬಡಿಗೇರ ಮನ್ಯಾಗ ಈಳಿಗಿ ಪೂಜಿ ಏನ?" ಎಂದಳು. ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಹಿಟ್ಟಿನ ಡಬ್ಬಿ ತೆಗೆದಳು. ಹಿಟ್ಟು ನಾದುವ ಪರಾತ ಎಳೆದುಕೊಂಡಳು.

"ಗಂಗಾ, ಇದಕ್ಕ ನೀ ಉಪ್ಪ ಎಷ್ಟ ಹಾಕತಿ?"

ಅಡಿಗೆಯ ವಿಷಯದಲ್ಲಿ ಆಯಿ ಅವ್ವನನ್ನು ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವ್ವ ಬೆಕ್ಕಸಬೆರಗಾಗಿ ನಿಂತಳು. ಆಮೇಲೆ ಪಕ್ಕದಲ್ಲಿ ಕೂತು, ಉಪ್ಪು ಇಷ್ಟು, ನೀರು ಇಷ್ಟು, ಇನ್ನೂ ಗಟ್ಟಿ ಬೇಕು ಎಂದು ಮೆಲ್ಲಗೆ ಹೇಳುತ್ತ ಹೋದಳು. ಆಯಿ ನಾದಿದಳು. ಪಿಂಡವೆಂದು ಕಣ್ಣೆತ್ತಿಯೂ ನೋಡದಿದ್ದ ಆ ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪರದೆ ಸರಿಸಿ ಹೋದಳು. ನಾವಿಬ್ಬರೂ ಪರದೆಯ ಹತ್ತಿರವೇ ನಿಂತೆವು.

"ಏಳೋ ಮೌನೇಶಾ. ಹಿಡಿ ಇದನ್ನ."

ಅಪ್ಪ ತಿರುಗಿ ನೋಡಿದ. "ನಿನಗ ಅದು ಪಿಂಡಾ ಅನಸತಿತ್ತಲ್ಲ ಆಯಿ."

"ಈಗೂ ಅನಸತೈತಿ. ಆದ್ರ ನೀ ಹಿಂಗ ಗ್ವಾಡಿ ಕಡೆ ಮಾರಿ ಮಾಡಿ ಬಿದ್ದದ್ದ ನೋಡಿದ್ರ ಅದಕ್ಕಿಂತಾ ಹೆಚ್ಚ ಹೆದರಿಕಿ ಬರತೈತಿ. ಏಳು."

"ಬ್ಯಾಡ ಆಯಿ. ಅದನ್ನ ನೀ ನೋಡಬ್ಯಾಡ."

"ಯಾವುದನ್ನ ನೋಡಬಾರದು? ಆ ಕೈ ನಾ ಹಡದದ್ದೋ. ಹುಟ್ಟಿದಾಗ ಐದೂ ಬಟ್ಟ ಮುಟ್ಟಿ ನೋಡಿದಾಕಿ ನಾನು. ಈಗ ಮೂರ ಉಳದಾವಂತ ನನ್ನ ಮುಂದ ಮುಚ್ಚಿಡತಿ?"

ಅಪ್ಪ ಎದ್ದು ಕೂತ. ಎಡಗೈಯಿಂದ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದ. ಬೆರಳುಗಳಿದ್ದ ಕಡೆ ತೊಗಲು ಎಳೆಗೂಸಿನ ಮೈಯಂತೆ ನಸುಗೆಂಪಾಗಿತ್ತು, ಬಿಗಿದು ಹೊಳೆಯುತ್ತಿತ್ತು. ನನಗೆ ಹೆದರಿಕೆಯಾಗಿ ಅವ್ವನ ಸೀರೆ ಹಿಡಿದುಕೊಂಡೆ. ಆಯಿ ಕಣ್ಣು ಮಿಟುಕಿಸಲಿಲ್ಲ. ಮುದ್ದೆಯನ್ನು ಅವನ ಅಂಗೈಯಲ್ಲಿಟ್ಟಳು. ಉಳಿದ ಬೆರಳುಗಳನ್ನು ತನ್ನ ಕೈಯಿಂದ ಅದರ ಸುತ್ತ ಮಡಿಸಿ, ಮೇಲಿನಿಂದ ಒತ್ತಿ ಹಿಡಿದಳು. "ಬಿಗಿ ಹಿಡಿ. ಇನ್ನೂ ಬಿಗಿ" ಎಂದಳು. ಅಪ್ಪ ಬಿಕ್ಕಿ ಬಿಕ್ಕಿ ಅತ್ತ. ಅವನು ಅತ್ತದ್ದು ನಾನು ನೋಡಿರಲೇ ಇಲ್ಲ. ಆಯಿ ಕೈ ಬಿಡಲಿಲ್ಲ, ಅಳಬೇಡ ಎಂದೂ ಹೇಳಲಿಲ್ಲ. ಅವನ ಅಳು ನಿಂತ ಮೇಲೆ ಮುದ್ದೆಯನ್ನು ತಂದು ಮಣೆಯ ಮೇಲಿಟ್ಟು, ಅದಕ್ಕೆ ಕುಂಕುಮ ಹಚ್ಚಿದಳು. ಅಷ್ಟರಲ್ಲಿ ಅವ್ವ ಗೋಣಿಚೀಲವನ್ನು ಎಳೆದು ತಂದು, ಹತಾರಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ ಮುದ್ದೆಯ ಪಕ್ಕದಲ್ಲಿ ಸಾಲಾಗಿ ಇಡತೊಡಗಿದ್ದಳು.

ಮಾರನೆಯ ದಿನ ಅಪ್ಪ ಆ ಮುದ್ದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅಷ್ಟೊಂದು ಜನರ ಕೈ ನೋಡಿದವನು ತನ್ನ ಕೈಯನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಅವ್ವನನ್ನು ಕರೆದ. "ಗಂಗಾ, ಇಲ್ಲೆ ನೋಡು. ಬಟ್ಟಿಲೆ ಒತ್ತೂದು ಇನ್ನ ನನಗ ಆಗೂದಿಲ್ಲ. ಜೋರೆಲ್ಲಾ ಅಂಗೈಯಾಗ ಬಂದೈತಿ" ಎಂದು ತೋರಿಸುವಾಗ, ಮುಚ್ಚದ ಬಲಗೈಯನ್ನೇ ಮುಂದೆ ಚಾಚಿದ್ದ. ಬೆರಳುಗಳಲ್ಲಿ ಹಿಡಿಯುವ ರಂದವನ್ನು ಅಂಗೈಯಿಂದ ನೂಕುವ ರಂದವನ್ನಾಗಿ ಮಾಡಬೇಕಾಗಿತ್ತು. ಹಿಂಬದಿಗೆ ಒಂದು ಬಾಲ ಕೊಟ್ಟ, ಬಾಲದ ತುದಿಗೆ ಅಡಿಕೆಗಿಂತ ತುಸು ದೊಡ್ಡದಾದ ಬೀಟೆಮರದ ಗುಂಡು. ಗುಂಡು ಅಂಗೈಯ ತಗ್ಗಿನಲ್ಲಿ ಕೂರಬೇಕು. ಹೆಬ್ಬೆರಳು ಒಂದು ಪಕ್ಕೆಗೆ, ಉಂಗುರದ ಬೆರಳು ಇನ್ನೊಂದು ಪಕ್ಕೆಗೆ ಆತುಕೊಂಡರೆ ಸಾಕು. ಮೊದಲನೆಯದರ ಬಾಲ ಗಿಡ್ಡವಾಯಿತು, ಅಂಗೈಗೆ ಮುಟ್ಟಲಿಲ್ಲ. ಇನ್ನೊಂದರ ಬಾಯಿ ಅಗಲವಾಗಿ ಹೆರೆ ದಪ್ಪ ದಪ್ಪ ಬಂತು. ಸಿಟ್ಟಾಗುತ್ತಿದ್ದ, ಎದ್ದು ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಅರಕ್ಕೂ ಅಂಥದೇ ಗುಂಡು ಹಿಡಿಕೆ ಮಾಡಿಕೊಂಡ ಮೇಲೆ ಕೆಲಸ ಬಲಗೈಗೆ ಮರಳಿತು. ಚಳಿಗಾಲ ಮುಗಿಯುವ ಹೊತ್ತಿಗೆ ತನ್ನ ರಂದ ತನ್ನ ಕೈಗೆ ಕೂತಿತ್ತು, ಬೆಳಗಿನ ಸದ್ದು ಸರಾಗವಾಗಿತ್ತು. ಅದಾದ ಮೇಲೆ ಚಾಚಾರ ರಂದವನ್ನು ಹೊಸದಾಗಿ ಎರಕ ಹೊಯ್ಯಿಸಿ, ತಗ್ಗುಗಳನ್ನು ಎರಡೆರಡು ಸಲ ನೋಡಿ ನೋಡಿ ಉಜ್ಜಿದ.

ಆದರೆ ಊಟಕ್ಕೆ ಮಾತ್ರ ಸಾಲಿಗೆ ಬರಲಿಲ್ಲ. ಹಿತ್ತಾಳೆ ಹಿಡಿಯುವ ಕೈಗೆ ಅನ್ನ ಹಿಡಿಯಲು ಬರುತ್ತಿರಲಿಲ್ಲ. ಅದನ್ನು ನಮ್ಮ ಮುಂದೆ ತೋರಿಸಲು ಅವನಿಗೆ ಮನಸ್ಸಿರಲಿಲ್ಲ. ಆಯಿ ಎರಡು ಸಲ ಕರೆದಳು, ಮೂರನೆಯ ಸಲ ಕರೆಯಲಿಲ್ಲ.

ಚಾಚಾ ಒಂದು ರವಿವಾರ ಮುಂಜಾನೆ ಬಂದರು. ಅಪ್ಪ ರಂದವನ್ನು ಬಲಗೈಯಲ್ಲೇ ಮುಂದೆ ನೀಡಿದ. ಚಾಚಾ ಬಲಗೈಯಲ್ಲೇ ತೆಗೆದುಕೊಂಡರು. ಚಮಚೆಯಂಥ ಹೆಬ್ಬೆರಳು ಹುಡುಕಾಡದೆ ತಗ್ಗಿನಲ್ಲಿ ಹೋಗಿ ಕೂತಿತು. ಕಟ್ಟಿಗೆಯ ಮೇಲೆ ನಡೆಸಿದಾಗ ಕೆಂಪು ಹೆರೆ ಒಂದೇ ಎಳೆಯಾಗಿ ಸುರುಳಿ ಸುತ್ತಿಕೊಂಡು ಬಂತು. ಅವರು ಅದನ್ನು ಕಿಟಕಿಯ ಕಡೆ ಎತ್ತಿ ಹಿಡಿದರು, ಅದರೊಳಗಿಂದ ಬೆಳಕು ಕಾಣುತ್ತಿತ್ತು. ಏನನ್ನೂ ಹೊಗಳಲಿಲ್ಲ. ರಂದವನ್ನು ಮೇಜಿನ ಮೇಲಿಟ್ಟು, ಅಪ್ಪನ ಬಲಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು. ಅಪ್ಪ ಕೈ ಎಳೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ಊಟದ ಹೊತ್ತಾಯಿತು. ಅವ್ವ ಎಂದಿನಂತೆ ಅಪ್ಪನ ತಾಟನ್ನು ಚಮಚೆಯ ಸಮೇತ ಹೊರಗಿನ ಖೋಲಿಯಲ್ಲಿ ಇಟ್ಟು ಬಂದಳು. ನಾನೂ ಆಯಿಯೂ ಒಳಗೆ ಕೂತಿದ್ದೆವು. ಪರದೆ ಅಲುಗಿತು. ಅಪ್ಪ ತಾಟನ್ನು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಚಮಚೆಯನ್ನು ತಂದಿರಲಿಲ್ಲ. ಬಲಗೈಯಿಂದ ಅನ್ನ ಸಾರು ಕಲಸಿದ. ತುತ್ತು ಎತ್ತಿದ. ಬೆರಳುಗಳಿಲ್ಲದ ಸಂದಿನಿಂದ ಸಾರು ಮುಂಗೈ ಮೇಲೆ ಹರಿದು ಮೊಣಕೈವರೆಗೆ ಬಂತು, ಅನ್ನದ ಅಗುಳು ತಾಟಿನ ಹೊರಗೆಲ್ಲ ಉದುರಿತು. ಬಾಯಿಗೆ ಹೋದದ್ದು ಅರ್ಧ ತುತ್ತೂ ಇರಲಿಕ್ಕಿಲ್ಲ. ಅವನ ಕಿವಿ ಕೆಂಪಾದವು. ನಾನು ನನ್ನ ತಾಟನ್ನೇ ನೋಡುತ್ತ ಕೂತೆ. ಈಗ ಎದ್ದು ಹೋಗುತ್ತಾನೆ, ಹೋದರೆ ಇನ್ನು ಬರುವುದಿಲ್ಲ ಎನಿಸಿತು.

ಆಯಿ ಸಿಡುಕಿದಳು. "ಏನ ಗಂಗಾ, ಇವತ್ತ ಸಾರು ಎಷ್ಟ ತೆಳ್ಳಗ ಮಾಡೀದಿ! ಮನಷ್ಯಾರು ಕಲಸೂದರ ಹೆಂಗ?"

ಸಾರು ಎಂದಿನಂತೆಯೇ ಇತ್ತು. ಅಂಥ ಮಾತನ್ನು ಒಮ್ಮೆಯೂ ಸುಮ್ಮನೆ ನುಂಗದ ಅವ್ವ, ಒಲೆಯ ಮುಂದಿನಿಂದ ತಿರುಗದೆ, "ತಪ್ಪಾತ್ರಿ ಅತ್ತಿ. ನಾಳಿಂದ ಗಟ್ಟಿ ಮಾಡತೀನಿ" ಎಂದಳು.

ಅಪ್ಪ ತಲೆ ಬಗ್ಗಿಸಿಕೊಂಡು ಇನ್ನೊಂದು ತುತ್ತು ಕಲಸಿದ.

ಅವನು ಬದುಕಿರುವವರೆಗೆ ನಮ್ಮ ಮನೆಯಲ್ಲಿ ತೆಳ್ಳನೆಯ ಸಾರು ಮಾಡಲಿಲ್ಲ.